ಇಟ್ಟಿಗೆಯ ಲೆಕ್ಕ ಮತ್ತು ಏಳನೆಯ ದಿನ



ಇಂದಿನ ಬದುಕಿನ ಯಾವುದಾದರೂ ಒಂದು ಸಂಕಟಕ್ಕೆ ಕ್ರೈಸ್ತ ಶ್ರದ್ಧೆ ಏನು ಹೇಳುತ್ತದೆ ಎಂಬುದೇ ಈ ಉಪನ್ಯಾಸದ ವಿಷಯವಾಗಿರಬೇಕು ಎಂದು ಇದನ್ನು ನಡೆಸುವ ದತ್ತಿಯ ನಿಬಂಧನೆಯಲ್ಲಿದೆ. ಸಂಕಟಗಳಿಗೇನೂ ಬರವಿಲ್ಲ. ಅವುಗಳಲ್ಲಿ ನಾನು ಆರಿಸಿಕೊಂಡದ್ದು ಜನ ತುಸು ಹೆಮ್ಮೆಯಿಂದಲೇ ಹೇಳಿಕೊಳ್ಳುವ ಒಂದನ್ನು: ಪುರುಸೊತ್ತಿಲ್ಲದಿರುವುದು. ಸಕ್ಕರೆ ಕಾಯಿಲೆ ಇದೆ ಎಂದು ಹೇಳುವಾಗ ದನಿ ತಗ್ಗುತ್ತದೆ. ‘ಉಸಿರಾಡಲೂ ಸಮಯವಿಲ್ಲ’ ಎನ್ನುವಾಗ ಏರುತ್ತದೆ. ಬಿಡುವಾಗಿದ್ದೇನೆ ಎನ್ನಲು ನಿವೃತ್ತರೂ ನಾಚುವ ಕಾಲ ಇದು.

ಫೋನ್ ಬದಿಗಿಡಿ, ದೀರ್ಘವಾಗಿ ಉಸಿರು ಎಳೆದುಕೊಳ್ಳಿ, ಬೆಳಗ್ಗೆ ಬೇಗ ಏಳಿ ಎಂಬ ಸಲಹೆಗಳಿಗಾಗಿ ನೀವು ಇಲ್ಲಿಗೆ ಬಂದಿದ್ದರೆ ನಿರಾಸೆಯಾದೀತು. ಅವು ಒಳ್ಳೆಯ ಸಲಹೆಗಳೇ. ಆದರೆ ಅವನ್ನು ಹೇಳಲು ಮೋಶೆಯೂ ಬೇಕಿರಲಿಲ್ಲ, ಕ್ರಿಸ್ತನೂ ಬೇಕಿರಲಿಲ್ಲ. ಸತ್ಯವೇದ ಈ ವಿಷಯವನ್ನು ಮನಶ್ಶಾಂತಿಯಿಂದ ಶುರುಮಾಡುವುದೇ ಇಲ್ಲ, ಇಟ್ಟಿಗೆ ಗೂಡಿನಿಂದ ಶುರುಮಾಡುತ್ತದೆ.

ವಿಮೋಚನಕಾಂಡದ ಐದನೆಯ ಅಧ್ಯಾಯ ನೆನಪಿಸಿಕೊಳ್ಳಿ. ಇಸ್ರಾಯೇಲ್ಯರು ಐಗುಪ್ತದಲ್ಲಿ ಜೀತದಾಳುಗಳು. ಮೋಶೆ ಮತ್ತು ಆರೋನ ಫರೋಹನ ಮುಂದೆ ನಿಂತು, ಅರಣ್ಯದಲ್ಲಿ ಮೂರು ದಿನದ ದಾರಿ ಹೋಗಿ ತಮ್ಮ ದೇವರಿಗೆ ಹಬ್ಬ ಮಾಡಲು ಬಿಡಬೇಕೆಂದು ಕೇಳುತ್ತಾರೆ. ಅವರು ಕೇಳಿದ್ದು ಕೂಲಿಯ ಏರಿಕೆಯನ್ನಲ್ಲ, ರಜೆಯನ್ನು. ಫರೋಹ ಅದೇ ದಿನ ಹೊಸ ಆಜ್ಞೆ ಹೊರಡಿಸುತ್ತಾನೆ: ಇನ್ನು ಮುಂದೆ ಹುಲ್ಲನ್ನು ಸರಕಾರ ಕೊಡುವುದಿಲ್ಲ, ಅವರೇ ಹುಡುಕಿ ತರಲಿ, ಆದರೆ ದಿನದ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆಯಾಗಬಾರದು. ಅದಕ್ಕೆ ಅವನು ಕೊಡುವ ಕಾರಣವೂ ಗಮನಿಸತಕ್ಕದ್ದು. ಇವರು ಸೋಮಾರಿಗಳು, ಆದ್ದರಿಂದಲೇ ದೇವರು, ಹಬ್ಬ ಎಂದು ಗೊಣಗುತ್ತಾರಂತೆ. ಆಡಳಿತವರ್ಗ ರಜೆ ಅರ್ಜಿಗೆ ಕೊಟ್ಟ ಅತ್ಯಂತ ಹಳೆಯ ಉತ್ತರಗಳಲ್ಲಿ ಇದೂ ಒಂದಿರಬೇಕು. ಮೂರು ಸಾವಿರ ವರ್ಷದಲ್ಲಿ ಒಕ್ಕಣೆ ಹೆಚ್ಚೇನೂ ಬದಲಾಗಿಲ್ಲ.

ಐಗುಪ್ತದಿಂದ ಸಮುದ್ರ ದಾಟಿ ಹೊರಬಂದ ಮೇಲೆ ದೇವರು ಆ ಜನಕ್ಕೆ ಮೊದಲು ಕಲಿಸಿದ್ದು ಏನು? ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು ಇನ್ನೂ ಬಂದಿರಲಿಲ್ಲ, ಗುಡಾರವೂ ಯಾಜಕರೂ ಇರಲಿಲ್ಲ. ಅದಕ್ಕೂ ಮುಂಚೆ, ಹದಿನಾರನೆಯ ಅಧ್ಯಾಯದಲ್ಲಿ, ಮನ್ನ ಬರುತ್ತದೆ. ಬೆಳಗಾಗುತ್ತಲೇ ನೆಲದ ಮೇಲೆ ಮಂಜಿನಂತೆ ಸಣ್ಣಗೆ ಬಿದ್ದಿರುತ್ತಿದ್ದ ಆ ಆಹಾರವನ್ನು ತಲೆಗೊಂದು ಓಮೆರ್ ಎಂಬ ಅಳತೆಯಷ್ಟು ಕೂಡಿಸಿಕೊಳ್ಳಬೇಕಿತ್ತು. ಹೆಚ್ಚು ಬಾಚಿಕೊಂಡವನು ಅಳೆದು ನೋಡಿದರೆ ಹೆಚ್ಚಿರಲಿಲ್ಲ, ಕಡಿಮೆ ಆಯ್ದವನಿಗೆ ಕೊರತೆಯೂ ಆಗಿರಲಿಲ್ಲ. ನಾಳೆಗೆಂದು ಎತ್ತಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡು ಪಾಲು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಏಕೆಂದರೆ ಏಳನೆಯ ದಿನ ಏನೂ ಬೀಳುತ್ತಿರಲಿಲ್ಲ. ಇಷ್ಟು ಬಿಡಿಸಿ ಹೇಳಿದ್ದರೂ ಏಳನೆಯ ದಿನ ಕೆಲವರು ಪಾತ್ರೆ ಹಿಡಿದುಕೊಂಡು ಹೊರಟೇ ಬಿಟ್ಟರು. ಬರಿಗೈಯಲ್ಲಿ ಬಂದರು. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ತಲೆಮಾರುಗಟ್ಟಲೆ ಇಟ್ಟಿಗೆ ಎಣಿಸಿಕೊಟ್ಟ ಜನ. ಸುಮ್ಮನೆ ಕೂತರೆ ಏನೋ ತಪ್ಪುಮಾಡಿದ ಹಾಗೆ ಅನ್ನಿಸಿರಬೇಕು. ಐಗುಪ್ತವನ್ನು ಬಿಟ್ಟು ಬರಲು ಅವರಿಗೆ ಒಂದು ರಾತ್ರಿ ಸಾಕಾಯಿತು, ಐಗುಪ್ತ ಅವರನ್ನು ಬಿಡಲು ನಲವತ್ತು ವರ್ಷ ಹಿಡಿಯಿತು.

ಈ ಹದಿನಾರನೆಯ ಅಧ್ಯಾಯ ಓದುವಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಗಂಡನನ್ನು ತಿರುಗಿ ಕಳಿಸಿದಳು. ಅವಳು ಸತ್ಯವೇದ ಓದಿದವಳಲ್ಲ, ಓದಬೇಕಾಗಿಯೂ ಇರಲಿಲ್ಲ. ಸಾಕು ಎನ್ನುವ ಗೆರೆ ಎಳೆಯುವ ಧೈರ್ಯವನ್ನು ಅವಳು ಬೇರೊಂದು ದಾರಿಯಲ್ಲಿ ಪಡೆದಿದ್ದಳು. ನಮ್ಮ ಧಾವಂತದ ಬೇರು ಹುಡುಕುವಾಗ ಗಡಿಯಾರವನ್ನು ಬೈದು ಪ್ರಯೋಜನವಿಲ್ಲ. ಎಷ್ಟು ಸಾಕು ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ ಎನ್ನುವುದೇ ಬೇರು ಎಂದು ನನ್ನ ಅಭಿಪ್ರಾಯ.

ಇನ್ನು ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು, ಕಥೋಲಿಕರ ಎಣಿಕೆಯಲ್ಲಿ ಮೂರನೆಯದು: ಏಳನೆಯ ದಿನವನ್ನು ಸಬ್ಬತ್ತಾಗಿ, ವಿಶ್ರಾಂತಿಯ ದಿನವಾಗಿ ಆಚರಿಸು. ಇದು ಸತ್ಯವೇದದಲ್ಲಿ ಎರಡು ಕಡೆ ಬರುತ್ತದೆ, ಎರಡು ಕಡೆಯೂ ಕಾರಣ ಬೇರೆ ಬೇರೆ. ವಿಮೋಚನಕಾಂಡದಲ್ಲಿ ಕಾರಣ ಸೃಷ್ಟಿ: ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಉಂಟುಮಾಡಿ ಏಳನೆಯ ದಿನ ವಿಶ್ರಮಿಸಿದನು, ಆದ್ದರಿಂದ ನೀನೂ ವಿಶ್ರಮಿಸು. ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಕಾರಣ ಐಗುಪ್ತ: ನೀನು ಅಲ್ಲಿ ದಾಸನಾಗಿದ್ದೆ, ಅದನ್ನು ಮರೆಯಬೇಡ, ನಿನ್ನ ಹಾಗೆಯೇ ನಿನ್ನ ಗಂಡಾಳಿಗೂ ಹೆಣ್ಣಾಳಿಗೂ ವಿಶ್ರಾಂತಿ ಸಿಗಲಿ. ಮುಂದೆ ಪಟ್ಟಿ ಬೆಳೆಯುತ್ತದೆ. ಎತ್ತು, ಕತ್ತೆ, ಮನೆಯ ಯಾವುದೇ ಪಶು, ಊರಲ್ಲಿ ತಂಗಿರುವ ಪರದೇಶಿ. ಯಾಜಕಕಾಂಡದ ಇಪ್ಪತ್ತೈದಕ್ಕೆ ಹೋದರೆ ಹೊಲವೂ ಸೇರುತ್ತದೆ, ಏಳು ವರ್ಷಕ್ಕೊಮ್ಮೆ ಅದನ್ನು ಬಿತ್ತದೆ ಬೀಳುಬಿಡಬೇಕು.

ಎತ್ತು ಎಂದಾಗ ನಮ್ಮ ರೈತರಿಗೆ ಇದು ಪರದೇಶದ ಮಾತು ಅನ್ನಿಸಬೇಕಾಗಿಲ್ಲ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಮಳೆ ಹದವಾಗಿದೆ, ಬಿತ್ತನೆ ತಡವಾಗುತ್ತಿದೆ ಎಂದರೂ ಸೋಮವಾರ ಸೋಮವಾರವೇ. ಟ್ರ್ಯಾಕ್ಟರಿಗೆ ಅಂಥ ಸೋಮವಾರವಿಲ್ಲ.

ಆ ಪಟ್ಟಿಯನ್ನೇ ನಾನು ಇವತ್ತಿನ ಮಾತಿನ ನಡುಗಂಬ ಮಾಡಿಕೊಂಡಿದ್ದೇನೆ. ನಿಧಾನಿಸುವುದು ಎಂದರೆ ಒಬ್ಬನೇ ಕೂತು ಪಡೆಯುವ ಸುಖ ಎಂದು ನಾವು ತಿಳಿದಿದ್ದೇವೆ. ಸಬ್ಬತ್ತಿನ ಆಜ್ಞೆ ಕೇಳುವ ಪ್ರಶ್ನೆ ಬೇರೆ: ನೀನು ನಿಂತಾಗ ನಿನ್ನ ಕೈಕೆಳಗಿನವರು ನಿಂತರೋ ಇಲ್ಲವೋ? ನಾನು ಹಾಯಾಗಿ ಕೂತಿರಲೆಂದು ಇನ್ನೊಬ್ಬ ಓಡುತ್ತಿದ್ದರೆ, ನಾನು ಎಷ್ಟೇ ಧ್ಯಾನ ಮಾಡಿದರೂ ಅದು ಸಬ್ಬತ್ತಲ್ಲ. ಫರೋಹನೂ ಮಧ್ಯಾಹ್ನ ಮಲಗುತ್ತಿದ್ದಿರಬೇಕಲ್ಲ.

ಹೊಸ ಒಡಂಬಡಿಕೆಗೆ ಬರೋಣ. ಯೇಸು ಬಿಡುವಾಗಿದ್ದ ಮನುಷ್ಯನಲ್ಲ. ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದ ಪ್ರಕಾರ ಬರುವವರು ಹೋಗುವವರು ಅಷ್ಟು ಜನವಿದ್ದು ಅವನಿಗೂ ಶಿಷ್ಯರಿಗೂ ಊಟಮಾಡಲು ಸಹ ಸಮಯ ಸಿಗುತ್ತಿರಲಿಲ್ಲ. ಏಕಾಂತಕ್ಕೆ ಹೋಗೋಣವೆಂದು ಅವರನ್ನು ದೋಣಿ ಹತ್ತಿಸಿದರೆ, ಜನ ದಡದುದ್ದಕ್ಕೂ ಓಡಿ ಇವರಿಗಿಂತ ಮೊದಲೇ ಅಲ್ಲಿದ್ದರು. ಅವನ ದಿನವೂ ನಮ್ಮ ದಿನದಷ್ಟೇ ತುಂಬಿತ್ತು.

ಆದರೂ ಅವನು ಧಾವಿಸಿದ್ದು ಕಾಣುವುದಿಲ್ಲ. ಇದಕ್ಕೆ ನನಗೆ ಸಿಗುವ ದೊಡ್ಡ ಸಾಕ್ಷಿ ಅದೇ ಸುವಾರ್ತೆಯ ಐದನೆಯ ಅಧ್ಯಾಯ. ಸಭಾಮಂದಿರದ ಅಧಿಕಾರಿ ಯಾಯೀರ ಬಂದು ಕಾಲಿಗೆ ಬೀಳುತ್ತಾನೆ. ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆ. ಯೇಸು ಹೊರಡುತ್ತಾನೆ, ಗುಂಪು ಮುಗಿಬೀಳುತ್ತದೆ. ಇಂದಾಗಿದ್ದರೆ ಸೈರನ್ ಹಾಕಿಕೊಂಡು ಹೋಗುವ ಹೊತ್ತು. ಆಗ ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ, ವೈದ್ಯರಿಗೆ ಇದ್ದದ್ದನ್ನೆಲ್ಲ ಸುರಿದು ಮುಗಿಸಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವನ ಬಟ್ಟೆ ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ ಗುಣವೂ ಆಗಿದೆ. ಕೆಲಸ ಮುಗಿಯಿತು, ಅವನು ಮುಂದೆ ನಡೆಯಬಹುದಿತ್ತು. ನಡೆಯಲಿಲ್ಲ. ನಿಂತು, ಮುಟ್ಟಿದವರು ಯಾರು ಎಂದು ಕೇಳಿದ. ಇಷ್ಟು ನೂಕುನುಗ್ಗಲಲ್ಲಿ ಇದೆಂಥ ಪ್ರಶ್ನೆ ಎಂದು ಶಿಷ್ಯರಿಗೆ ರೇಗಿತು. ಅವನು ಸುತ್ತ ನೋಡುತ್ತಲೇ ಇದ್ದ. ಆಕೆ ನಡುಗುತ್ತ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಹನ್ನೆರಡು ವರ್ಷದ ಕಥೆ ಒಂದು ನಿಮಿಷದಲ್ಲಿ ಮುಗಿಯುವಂಥದಲ್ಲ. ಅಷ್ಟು ಹೊತ್ತೂ ಯಾಯೀರ ಪಕ್ಕದಲ್ಲಿ ನಿಂತಿದ್ದಾನೆ, ಮನೆಯಲ್ಲಿ ಮಗಳ ಉಸಿರು ಹೋಗುತ್ತಿದೆ. ಆಕೆಯ ಮಾತು ಮುಗಿಯುವಾಗಲೇ ಮಗು ತೀರಿಕೊಂಡ ಸುದ್ದಿ ಬರುತ್ತದೆ.

ಮುಂದಿನದು ನಿಮಗೆ ಗೊತ್ತು, ಮಗು ಎದ್ದಳು. ಆದರೆ ಆ ನಡುವಿನ ಹೊತ್ತನ್ನು ಹಾರಿಸಿಬಿಡಬಾರದು. ಯಾಯೀರನಿಗೆ ಊರಲ್ಲಿ ಹೆಸರಿದೆ, ಸ್ಥಾನವಿದೆ. ಆ ಹೆಂಗಸಿಗೆ ಸುವಾರ್ತೆಯಲ್ಲಿ ಹೆಸರೂ ಇಲ್ಲ. ತುರ್ತಿನ ಕೆಲಸಕ್ಕೆ ಹೋಗುತ್ತಿರುವಾಗ, ಹೆಸರಿಲ್ಲದವಳೊಬ್ಬಳ ಕಥೆ ಪೂರ್ತಿ ಕೇಳಲು ನಿಂತವನು ನಮ್ಮ ಕರ್ತ. ನಿಧಾನ ಎಂಬುದಕ್ಕೆ ಕ್ರೈಸ್ತ ಅರ್ಥವನ್ನು ನಾನು ಇಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ದಾರಿಯಲ್ಲಿ ಯಾರಾದರೂ ತಡೆದರೆ ನಿಲ್ಲಬಲ್ಲಷ್ಟೇ ವೇಗದಲ್ಲಿ ಹೋಗುವುದು ಅದು. ಜಪಾನಿನ ದೇವಶಾಸ್ತ್ರಜ್ಞ ಕೊಸುಕೆ ಕೊಯಾಮಾ ಥಾಯ್ಲೆಂಡಿನ ರೈತರ ನಡುವೆ ಮಿಷನರಿಯಾಗಿದ್ದವರು. ಅವರ ಒಂದು ಪುಸ್ತಕದ ಹೆಸರೇ ಗಂಟೆಗೆ ಮೂರು ಮೈಲಿ ನಡೆಯುವ ದೇವರು ಎಂದು. ಅದು ಮನುಷ್ಯನ ಕಾಲ್ನಡಿಗೆಯ ವೇಗ. ಪ್ರೀತಿಯ ವೇಗವೂ ಅಷ್ಟೇ, ಆದ್ದರಿಂದ ದೇವರದೂ ಅಷ್ಟೇ ಎಂಬುದು ಅವರ ವಾದ.

ಚರಿತ್ರೆಯನ್ನು ಬೇಗ ದಾಟುತ್ತೇನೆ. ಕ್ರಿ.ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರ ನ್ಯಾಯಾಲಯಗಳೂ ಪಟ್ಟಣದ ಕಸುಬುಶಾಲೆಗಳೂ ಮುಚ್ಚಿರಬೇಕೆಂದು ಶಾಸನ ಮಾಡಿದ. ಬೇಸಾಯಗಾರರಿಗೆ ಮಾತ್ರ ವಿನಾಯಿತಿ ಕೊಟ್ಟ. ಧರ್ಮೋಪದೇಶಕಾಂಡದ ಎತ್ತಿಗೆ ಅಲ್ಲಿಯೇ ಮೋಸವಾಯಿತು ಎನ್ನಬಹುದು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮಾವಳಿ ನನಗೆ ಇದಕ್ಕಿಂತ ಮುಖ್ಯ. ಅದರಲ್ಲಿ ದುಡಿಮೆ ಇದೆ, ಓದು ಇದೆ, ಪ್ರಾರ್ಥನೆ ಇದೆ, ಪ್ರತಿಯೊಂದಕ್ಕೂ ಹೊತ್ತು ಗೊತ್ತುಮಾಡಿದೆ. ಸೋಮಾರಿತನಕ್ಕೆ ಅಲ್ಲಿ ಎಳ್ಳಷ್ಟೂ ಜಾಗವಿಲ್ಲ. ಆದರೆ ಪ್ರಾರ್ಥನೆಯ ಸಂಕೇತ ಕೇಳಿದೊಡನೆ ಕೈಯಲ್ಲಿರುವ ಕೆಲಸವನ್ನು ಇದ್ದಲ್ಲಿಗೇ ಬಿಟ್ಟು ಬರಬೇಕು. ಇದೊಂದು ಸಾಲು ಮುಗಿಸಿ ಬರುತ್ತೇನೆ ಎನ್ನುವಂತಿಲ್ಲ. ಕೆಲಸ ಮುಗಿದ ಮೇಲೆ ವಿಶ್ರಾಂತಿ ಎಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕೆಲಸ ಎಂದೂ ಮುಗಿಯುವುದಿಲ್ಲವಲ್ಲ, ಅದಕ್ಕೇ ಅರ್ಧದಲ್ಲಿ ಬಿಡುವುದನ್ನು ಕಲಿಯಬೇಕು. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಕುಂಬಳಗೋಡಿನಲ್ಲಿ ಆಶೀರ್ವನಂ ಎಂಬ ಬೆನೆಡಿಕ್ಟೀನ್ ಮಠವಿರುವುದನ್ನು ಗಮನಿಸಿರಲಿಕ್ಕಿಲ್ಲ. ಅದೇ ಪರಂಪರೆಯ ಸಂನ್ಯಾಸಿಗಳು ಆ ಹೆದ್ದಾರಿಯ ಪಕ್ಕದಲ್ಲೇ ಇದ್ದಾರೆ.

ಇನ್ನೊಂದು ಒಳನೋಟ ಇನ್ನೂ ಹಿಂದಿನದು. ನಾಲ್ಕನೆಯ ಶತಮಾನದಲ್ಲಿ ಐಗುಪ್ತದ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸಂನ್ಯಾಸಿ ಮಧ್ಯಾಹ್ನದ ಪಿಶಾಚಿಯ ಬಗ್ಗೆ ಬರೆದಿದ್ದಾನೆ. ಅದು ಹಿಡಿದವನು ಗಳಿಗೆಗೊಮ್ಮೆ ಕಿಟಕಿಯ ಕಡೆ ನೋಡುತ್ತಾನೆ. ಹೊತ್ತು ಎಷ್ಟು ಸರಿಯಿತು ಎಂದು ಸೂರ್ಯನನ್ನು ಅಳೆಯುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಇಣುಕುತ್ತಾನೆ, ಬೇರೆ ಊರಿನಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತಾನೆ. ಚರ್ಚು ಮುಂದೆ ಇದನ್ನು ಆಲಸ್ಯವೆಂಬ ಮಹಾಪಾಪದೊಳಗೆ ಸೇರಿಸಿತು. ಅಂದರೆ ನೆಲೆ ನಿಲ್ಲದ ಚಡಪಡಿಕೆ ಮತ್ತು ಆಲಸ್ಯ ಒಂದೇ ರೋಗ! ದಿನವಿಡೀ ಓಡಾಡುವವನು ತಾನು ಆಲಸಿಯಲ್ಲ ಎಂದು ನೆಮ್ಮದಿಯಿಂದಿರುವಂತಿಲ್ಲ.

ಈಗ ನಮ್ಮ ಮಂಗಳೂರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಶಾಲೆ ತೆರೆದರು, ಮುದ್ರಣಾಲಯ ಸ್ಥಾಪಿಸಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು. ಮತಾಂತರವಾದವರಲ್ಲಿ ಹಲವರಿಗೆ ಹಳೆಯ ಕಸುಬು ತಪ್ಪಿತು. ಶೇಂದಿ ಇಳಿಸುತ್ತಿದ್ದವನು ಕ್ರೈಸ್ತನಾದ ಮೇಲೆ ಮರ ಹತ್ತುವಂತಿರಲಿಲ್ಲ. ಅವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಮಿಷನರಿ ಪ್ಲೆಬ್ಸ್ಟ್ ಅವರ ಹೆಂಚಿನ ಕಾರ್ಖಾನೆ ಬಂತು. ನಿಮ್ಮ ಹಳೆಯ ಮನೆಯ ಮಾಡು ಇಳಿಸುವಾಗ ಒಂದು ಹೆಂಚನ್ನು ತಿರುವಿ ನೋಡಿ, ಮಿಷನ್ನಿನ ಹೆಸರೂ ಆ ಇಸವಿಯೂ ಒತ್ತಿರಬಹುದು. ನೇತ್ರಾವತಿಯ ದಡದ ಜೇಡಿ ಅದು.

ಮಿಷನ್ ತನ್ನ ಜನಕ್ಕೆ ಒಂದೇ ಹಡಗಿನಲ್ಲಿ ಎರಡನ್ನು ತಂದಿತು: ಆರಾಧನೆಯ ಭಾನುವಾರ ಮತ್ತು ಗಂಟೆ ಹೊಡೆದು ನಡೆಸುವ ಆರು ದಿನ. ಗದ್ದೆಯಲ್ಲಿ, ಮರದಲ್ಲಿ, ಕಡಲಲ್ಲಿ ದುಡಿಯುತ್ತಿದ್ದವರ ಹೊತ್ತನ್ನು ಮಳೆ, ಬಿಸಿಲು, ಉಬ್ಬರ ಇಳಿತ ಗೊತ್ತುಮಾಡುತ್ತಿದ್ದವು. ಕಾರ್ಖಾನೆ ಬಂದ ಮೇಲೆ ಅದನ್ನು ಗಂಟೆ ಗೊತ್ತುಮಾಡತೊಡಗಿತು. ತಡವಾಗಿ ಬರುವುದು ಅಶಿಸ್ತು ಮಾತ್ರವಾಗಿ ಉಳಿಯಲಿಲ್ಲ, ಮೆಲ್ಲನೆ ಪಾಪದ ಬಣ್ಣ ಪಡೆಯಿತು. ದುಡಿಮೆಯೇ ಭಕ್ತಿಯ ಗುರುತಾದಾಗ ಏನಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರಲ್ಲಿ ಬರೆದದ್ದು ಯುರೋಪ್, ಅಮೆರಿಕಗಳ ಬಗ್ಗೆ. ಅದರ ಒಂದು ಎಳೆ ಜೆಪ್ಪುವಿನವರೆಗೂ ಬಂದಿತ್ತು. ಮಿಷನ್ನನ್ನು ನಾನು ಹಳಿಯುತ್ತಿಲ್ಲ. ಆ ಕಾರ್ಖಾನೆ ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೆ ನಮ್ಮ ಧಾವಂತಕ್ಕೆ ಕ್ರೈಸ್ತ ಶ್ರದ್ಧೆಯೇ ಮದ್ದು ಎಂದು ವೇದಿಕೆ ಹತ್ತಿ ಸಾರುವ ಮೊದಲು, ಆ ಕಾಯಿಲೆಯ ಸ್ವಲ್ಪ ಬೀಜ ನಮ್ಮ ಕಣಜದಿಂದಲೂ ಹೋಗಿದೆ ಎಂದು ಒಪ್ಪಿಕೊಳ್ಳಬೇಕು.

ಹಾಗೆಯೇ ಭಾರತಕ್ಕೆ ಭಾನುವಾರದ ರಜೆ ಬ್ರಿಟಿಷರ ಉಡುಗೊರೆ ಎಂಬ ಮಾತನ್ನೂ ತಿದ್ದಿಕೊಳ್ಳಬೇಕು. ಕಚೇರಿಗೆ ಸರಿ. ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಅದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಸಭೆ ಕೂಡಿಸಿ, ಮನವಿ ಬರೆಸಿ, ಹಟ ಹಿಡಿದು ಕೇಳಿದರು. ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ. ಮಾಲೀಕರಲ್ಲಿ ದೇಶೀಯರೂ ಇದ್ದರು, ಚರ್ಚಿಗೆ ಹೋಗುವವರೂ ಇದ್ದರು. ಮೋಶೆಯ ಕೆಲಸವನ್ನು ಅಲ್ಲಿ ಮಾಡಿದವರು ಫುಲೆಯವರ ಸತ್ಯಶೋಧಕ ಸಮಾಜದ ಒಬ್ಬರು.

ರಜೆ ಇದ್ದರೆ ಸಾಕು, ಎಲ್ಲರಿಗೂ ಒಂದೇ ದಿನ ಏಕೆ ಎಂದು ಕೇಳುವವರಿದ್ದಾರೆ. ಸೋವಿಯತ್ ರಷ್ಯ 1929ರಲ್ಲಿ ಇದನ್ನು ಮಾಡಿ ನೋಡಿತು. ಯಂತ್ರ ನಿಲ್ಲಬಾರದು, ಭಾನುವಾರದ ಆರಾಧನೆಯೂ ಮುರಿಯಬೇಕು ಎಂದು ಐದು ದಿನದ ವಾರ ತಂದು, ಕಾರ್ಮಿಕರನ್ನು ಐದು ಬಣ್ಣದ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ ಕೊಟ್ಟಿತು. ಗಂಡ ಹಳದಿ, ಹೆಂಡತಿ ಹಸಿರು ಎಂದಾದರೆ ಇಬ್ಬರೂ ಜೊತೆಗೆ ಮನೆಯಲ್ಲಿರುವ ದಿನವೇ ಇಲ್ಲ. ಜನ ಗೊಣಗಿದರು, ಯಂತ್ರಗಳೂ ಕೆಟ್ಟವು. 1931ರಲ್ಲಿ ಆರು ದಿನದ ವಾರಕ್ಕೆ ಸರಿದು, 1940ರಲ್ಲಿ ಏಳು ದಿನಕ್ಕೇ ಮರಳಿದರು. ಇಂದು ಬೆಂಗಳೂರಿನಲ್ಲಿ ಒಬ್ಬರಿಗೆ ಮಂಗಳವಾರ ವೀಕ್‌ಆಫ್, ಇನ್ನೊಬ್ಬರಿಗೆ ಶುಕ್ರವಾರ ಎನ್ನುವ ಜೋಡಿಗಳನ್ನು ಕೇಳಿ ನೋಡಿ. ಯಾವ ಸರ್ವಾಧಿಕಾರಿಯೂ ಬಣ್ಣ ಹಂಚದೆಯೇ ಇದು ನಡೆದುಹೋಗಿದೆ.

ಬೆಂಗಳೂರಿನ ಮಾತು ಬಂತು. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಎನ್.ಆರ್. ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದಾಗ ದೇಶವೆಲ್ಲ ವಾದ ಮಾಡಿತು. ಅದೇ ವರ್ಷ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48 ಗಂಟೆಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದರ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ. ಮೊದಲನೆಯದು ಒಬ್ಬರ ಅಭಿಪ್ರಾಯ, ಎರಡನೆಯದು ಕಾನೂನು. ಎಚ್ಚರ ಯಾವುದಕ್ಕೆ ಬೇಕಿತ್ತೋ ಅಲ್ಲಿ ನಾವು ನಿದ್ದೆಹೋದೆವು. ಇನ್ನು ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡುವ ಹುಡುಗ. ಅವನಿಗೆ ರಜೆ ಹಾಕಬೇಡ ಎಂದು ಯಾರೂ ಹೇಳುವುದಿಲ್ಲ. ಹಾಕಿದ ದಿನ ದುಡ್ಡಿಲ್ಲ, ಅಷ್ಟೆ. ಹುಲ್ಲನ್ನು ನೀನೇ ತಂದುಕೋ ಎಂದ ಹಾಗೆ, ಬೈಕೂ ಅವನದೇ, ಪೆಟ್ರೋಲೂ ಅವನದೇ, ಆರ್ಡರಿನ ಲೆಕ್ಕ ಮಾತ್ರ ಕಂಪನಿಯದು. ಆಳು, ಎತ್ತು, ಪರದೇಶಿ ಎಂಬ ಆ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿ ಬರೆಯಬೇಕು ಎಂದು ಭಾನುವಾರ ಆರಾಧನೆ ಮುಗಿಸಿ ಬಂದು ಬಿರಿಯಾನಿ ಆರ್ಡರ್ ಮಾಡುವ ನಾವು ಯೋಚಿಸಬೇಕು.

ನಮ್ಮ ಸಭೆಗಳ ಭಾನುವಾರವಾದರೂ ಹೇಗಿದೆ? ಬೆಳಗ್ಗೆ ಭಾನುವಾರ ಶಾಲೆ, ಆಮೇಲೆ ಆರಾಧನೆ, ಆಮೇಲೆ ಸ್ತ್ರೀ ಸಂಘ, ಮಧ್ಯಾಹ್ನ ಗಾಯನ ಮಂಡಳಿಯ ಅಭ್ಯಾಸ, ಸಂಜೆ ಕಟ್ಟಡ ಸಮಿತಿಯ ಜಗಳ. ಸಭಾಪಾಲಕರಿಗೆ ಅದು ವಾರದ ಅತ್ಯಂತ ಕಷ್ಟದ ದಿನ. ಮನೆಗಳಲ್ಲಿ ಭಾನುವಾರವೆಂದರೆ ವಿಶೇಷ ಅಡಿಗೆ, ಅಂದರೆ ಹೆಂಗಸರಿಗೆ ಉಳಿದ ಆರು ದಿನಕ್ಕಿಂತ ಹೆಚ್ಚು ಕೆಲಸ. ಮನೆಗೆ ಬಂದ ಯೇಸುವಿಗೆ ಉಪಚಾರ ಮಾಡುತ್ತಿದ್ದ ಮಾರ್ಥ ಮತ್ತು ಅವನ ಮಾತು ಕೇಳುತ್ತ ಕೂತ ಅವಳ ತಂಗಿ ಮರಿಯಳ ಕಥೆಯ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಹೆಚ್ಚಿನವು ಮಾರ್ಥಳನ್ನು ಗದರಿಸಿ ಮುಗಿಯುತ್ತವೆ. ಪ್ರಸಂಗ ಮಾಡಿದವರು ಮನೆಗೆ ಹೋಗಿ ಯಾರೋ ಒಬ್ಬ ಮಾರ್ಥ ಬಡಿಸಿದ್ದನ್ನು ಉಣ್ಣುತ್ತಾರೆ. ಯೇಸು ಮಾರ್ಥಳಿಗೆ ಹೇಳಿದ್ದು, ಹಲವು ವಿಷಯಗಳಿಗೆ ಕಳವಳಪಡುತ್ತಿದ್ದೀ ಎಂದು. ಆ ಕಳವಳವನ್ನು ಹಂಚಿಕೊಳ್ಳಲು ಅಡುಗೆಮನೆಗೆ ಯಾವ ಶಿಷ್ಯನಾದರೂ ಎದ್ದು ಹೋದನೇ ಎಂಬುದನ್ನು ಲೂಕ ಬರೆದಿಲ್ಲ.

ಒಳ್ಳೆಯದನ್ನೂ ಹೇಳಬೇಕಲ್ಲ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಮುಸ್ಸಂಜೆ ಇಗರ್ಜಿಯ ಗಂಟೆ ಕೇಳಿದರೆ ಆಮೊರಿ ಎಂಬ ಸಂಜೆಯ ಪ್ರಾರ್ಥನೆ ಹೇಳುವ ಪದ್ಧತಿ ಇತ್ತು, ಈಗಲೂ ಕೆಲವೆಡೆ ಇದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಕತ್ತಿ ಕೆಳಗಿಡುತ್ತಿದ್ದರು, ಬಾವಿಕಟ್ಟೆಯಲ್ಲಿದ್ದವರು ಕೊಡಪಾನ ಇಳಿಸುತ್ತಿದ್ದರು. ರಾತ್ರಿ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವುದು, ಮುಗಿದೊಡನೆ ಮಕ್ಕಳು ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು. ತೇರ್ಸಿನ ನಡುವೆ ಮಕ್ಕಳು ತೂಕಡಿಸುತ್ತಿದ್ದರು, ಅಜ್ಜಿಯೂ ತೂಕಡಿಸುತ್ತಿದ್ದಳು, ಯಾರಿಗೂ ಅದು ದೊಡ್ಡ ಅಪರಾಧವೆನ್ನಿಸುತ್ತಿರಲಿಲ್ಲ. ಇದರ ಗುಟ್ಟು ಭಕ್ತಿಯ ತೀವ್ರತೆಯಲ್ಲಿಲ್ಲ. ಮನೆಯ ಯಜಮಾನ ಕತ್ತಿ ಕೆಳಗಿಟ್ಟ ಹೊತ್ತಿಗೇ ಕೆಲಸದಾಳೂ ಕತ್ತಿ ಕೆಳಗಿಡುತ್ತಿದ್ದ ಎಂಬುದರಲ್ಲಿದೆ. ಬಳಲಿ ಸಾವನ್ನೇ ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ತೂಕಡಿಕೆಯನ್ನು ನಾವೂ ಅಷ್ಟು ಸುಲಭವಾಗಿ ತುಚ್ಛವಾಗಿ ಕಾಣಬಾರದು.

ಆದ್ದರಿಂದ ಸಂಘಟಕರಲ್ಲಿ ನನ್ನದೊಂದು ಬೇಡಿಕೆ ಇದೆ. ಇಂದು ಭಾನುವಾರ. ಧ್ವನಿವರ್ಧಕ ನೋಡಿಕೊಳ್ಳುತ್ತಿರುವ ಯುವಕ ಬೆಳಗ್ಗೆ ಏಳಕ್ಕೇ ಬಂದು ತಂತಿ ಎಳೆದಿದ್ದಾನೆ. ಹಿಂದಿನ ಕೋಣೆಯಲ್ಲಿ ಊಟದ ವ್ಯವಸ್ಥೆಯವರು ನಮ್ಮ ಚಪ್ಪಾಳೆಗಾಗಿ ಕಾಯುತ್ತಿದ್ದಾರೆ, ಆಮೇಲೆ ಪಾತ್ರೆ ತೊಳೆದು ಅವರು ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಮುಂದಿನ ವರ್ಷದಿಂದ ಈ ದತ್ತಿ ಉಪನ್ಯಾಸವನ್ನು ವಾರದ ಬೇರೆ ಯಾವುದಾದರೂ ದಿನಕ್ಕೆ ಇಟ್ಟುಕೊಳ್ಳಿ. ಕೇಳುಗರು ಕಡಿಮೆಯಾದಾರು, ಆಗಲಿ.